ಸಣ್ಣತಿಮ್ಮಪ್ಪ ಎರಡೂ ಗಾಲಿ ತಿರುಗಿಸಿದ್ದು

ಸಣ್ಣತಿಮ್ಮಪ್ಪನನ್ನು ಏನಾದರೂ ಕೇಳಿದರೆ ಅವನು ಉತ್ತರ ಕೊಡುವುದಿಲ್ಲ, ಇನ್ನೊಬ್ಬರನ್ನು ಕೇಳಿ ಹೇಳುತ್ತೇನೆ ಎನ್ನುತ್ತಾನೆ. ಊಟ ಆಯಿತಾ ಎಂದರೂ ಒಮ್ಮೆ ಹೆಂಡತಿ ನರಸಮ್ಮನ ಮುಖ ನೋಡಿ ಆಮೇಲೆ ಹೂಂ ಎನ್ನುವ ಗಂಡಸು. ರತ್ನಗಿರಿ ಬೆಟ್ಟದ ಹಿಂಬದಿಯಲ್ಲಿರುವ ನಮ್ಮ ಹಳ್ಳಿಯಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಾನು ಪಕ್ಕದ ರೊಳ್ಳ ಊರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ನಾಲ್ಕು ಅಕ್ಷರ ಹೆಚ್ಚು ಕಲಿತ ತಪ್ಪಿಗೆ ಅವನ ಗೊಂದಲಗಳೆಲ್ಲ ಮೊದಲು ನನ್ನ ಜಗುಲಿಗೇ ಬರುತ್ತವೆ.

ಕೊಳವೆಬಾವಿ ಎಲ್ಲಿ ಕೊರೆಸಬೇಕೆಂದು ಅವನು ಊರೆಲ್ಲ ಕೇಳಿದ. ತೆಂಗಿನಕಾಯಿ ಹಿಡಿದು ನೀರು ನೋಡುವವನನ್ನು ಕೇಳಿದ, ನನ್ನನ್ನು ಕೇಳಿದ, ಕೊನೆಗೆ ಬಳೆ ಮಾರಲು ಬಂದ ಹೆಂಗಸು ಸುಮ್ಮನೆ ಕೈ ತೋರಿದ ಕಡೆ ಕೊರೆಸಿದ. ನೀರು ಬಂತು, ಆ ಮಾತು ಬೇರೆ. ಕೊನೆಗೆ ಯಾರು ಹೇಳುತ್ತಾರೋ ಅವರ ಮಾತೇ ಅವನಿಗೆ ವೇದ. ಆದ್ದರಿಂದ ಅವನಿಗೆ ಬುದ್ಧಿ ಹೇಳಬೇಕೆನ್ನುವವರು ಮೊದಲು ಹೇಳಬಾರದು, ಕಾದು ಕೊನೆಗೆ ಹೇಳಬೇಕು. ಊರಿನವರಿಗೆಲ್ಲ ಇದು ಗೊತ್ತು.

ಅವನ ಅಂಬಾಸಿಡರ್ ಕಾರು ಕೂಡ ಹಾಗೇ ಬಂದದ್ದು. ಹಿಂದೂಪುರದ ಒಬ್ಬ ಡಾಕ್ಟರ ಬಳಿ ಅವನು ಬಹಳ ವರ್ಷ ಡ್ರೈವರ್ ಆಗಿದ್ದ. ಡಾಕ್ಟರು ಆಸ್ಪತ್ರೆ ಮುಚ್ಚುವಾಗ ಕಾರು ನೀನೇ ಇಟ್ಟುಕೋ ಎಂದರು. ಇವನು ಯಥಾಪ್ರಕಾರ ಎಲ್ಲರನ್ನೂ ಕೇಳಿದ. ಬೇಡ ಎಂದವರೇ ಹೆಚ್ಚು. ಆದರೆ ಕೊನೆಗೆ ಸಿಕ್ಕವರು ಡಾಕ್ಟರ ಹೆಂಡತಿ. ತೆಗೆದುಕೊಂಡು ಹೋಗಪ್ಪ, ಅಂಗಳ ಖಾಲಿಯಾಗಲಿ ಎಂದರಂತೆ. ಅವತ್ತೇ ಸಂಜೆ ಕೆನೆ ಬಣ್ಣದ ಕಾರು ನಮ್ಮ ಹಳ್ಳಿಗೆ ಬಂತು.

ಹಳೆಯ ಕಾಲದ ಗಾಡಿ. ಇಂಜಿನ್ ಮುಂದೆ, ಎಳೆಯುವ ಗಾಲಿ ಹಿಂದೆ, ಗೇರ್ ಕಡ್ಡಿ ಸ್ಟೀರಿಂಗಿನ ಕತ್ತಿಗೆ ಅಂಟಿಕೊಂಡಿದೆ. ಮಾಮೂಲಿ ದಿನಗಳಲ್ಲಿ ಅದು ರೇಷ್ಮೆಗೂಡು ಹೊತ್ತು ಹಿಂದೂಪುರದ ಮಾರ್ಕೆಟ್ಟಿಗೆ ಹೋಗುತ್ತದೆ, ಆ ವಾಸನೆ ಸೀಟಿನಿಂದ ಯಾವತ್ತೂ ಹೋಗುವುದಿಲ್ಲ. ಆದರೆ ಮದುವೆ ಬಂದರೆ ನಮ್ಮೂರಿನ ಹೆಣ್ಣುಮಗಳು ಗಂಡನ ಮನೆಗೆ ಹೋಗುತ್ತಿದ್ದದ್ದು ಅದರಲ್ಲೇ. ಬೇರೆ ಕಾರು ತಂದರೆ ಹೆಂಗಸರು ಒಪ್ಪುತ್ತಿರಲಿಲ್ಲ. ಇದಕ್ಕೆ ಒಂದು ಕಟ್ಟುಪಾಡೂ ಇದೆ. ಮಡಿಲಕ್ಕಿ ಕಟ್ಟಿಕೊಂಡು ಹೆಣ್ಣು ಕೂತ ಮೇಲೆ ಗಾಡಿ ಹಿಂದಕ್ಕೆ ಸರಿಯಬಾರದು, ಗಂಡನ ಮನೆ ಹೊಸಿಲು ಬರುವ ತನಕ ಅವಳು ನೆಲ ಮೆಟ್ಟಬಾರದು. ಅದಕ್ಕೇ ಸಣ್ಣತಿಮ್ಮಪ್ಪ ಹಿಂದಿನ ದಿನವೇ ಕಾರನ್ನು ಹಳ್ಳದ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಗೇರ್ ಕಡ್ಡಿಗೆ ಒಂದು ಅರಿಶಿನದ ಕೊಂಬು ಕಟ್ಟುತ್ತಿದ್ದ. ಅದು ಇರುವ ತನಕ ರಿವರ್ಸ್ ಗೇರ್ ಇಲ್ಲ ಎಂದು ಲೆಕ್ಕ. ದಾರಿಯಲ್ಲಿ ಎದುರಿಗೆ ಲಾರಿ ಬಂದರೆ ಲಾರಿಯೇ ಹಿಂದಕ್ಕೆ ಹೋಗಬೇಕು. ಕೊಂಬು ನೋಡಿದರೆ ಹೋಗುತ್ತಿದ್ದರು ಕೂಡ.

ಇನ್ನು ಹಳ್ಳ. ಊರಿಗೂ ಟಾರ್ ರಸ್ತೆಗೂ ನಡುವೆ ಅಗಲವಾದ ಮರಳಿನ ಹಳ್ಳ. ನೀರು ಹರಿಯುವುದು ಅಪರೂಪ, ಮರಳು ಮಾತ್ರ ವರ್ಷವಿಡೀ ಹಾಗೇ ಇರುತ್ತದೆ. ಸುತ್ತು ದಾರಿ ಇದೆ, ಹೊಸ ಕಾರಿನವರು ಅದರಲ್ಲೇ ಹೋಗುತ್ತಾರೆ. ಸಣ್ಣತಿಮ್ಮಪ್ಪ ಮಾತ್ರ ದಡದಿಂದ ಇಳಿಜಾರಿನ ರಭಸದಲ್ಲಿ ಇಳಿದು, ನಿಲ್ಲದೆ ದಾಟಿಬಿಡುತ್ತಿದ್ದ. ಎಷ್ಟೋ ಹೆಣ್ಣುಮಕ್ಕಳನ್ನು ಹಾಗೆ ದಾಟಿಸಿದ. ಹೂತುಕೊಂಡದ್ದು ಒಂದೇ ಸಲ, ಅದೂ ಅವನ ಸ್ವಂತ ಮಗಳು ವನಿತಾಳನ್ನು ಗಂಡನ ಮನೆಗೆ ಕಳಿಸಿದ ದಿನ.

ಅದು ನಡೆದು ಎರಡು ವರ್ಷವಾಯಿತು. ಹುಡುಗ ರಾಯದುರ್ಗದವನು, ಹೆಸರು ಶಿವರಾಮ. ಅವನ ತಾಯಿ ಚೌಡಕ್ಕ ಮನೆಯಲ್ಲೇ ಜೀನ್ಸ್ ಹೊಲಿಯುವ ಮಿಷನ್ನುಗಳನ್ನು ಇಟ್ಟುಕೊಂಡು ನಾಲ್ಕು ಜನಕ್ಕೆ ಕೆಲಸ ಕೊಟ್ಟಿರುವ ಹೆಂಗಸು. ಒಳ್ಳೆಯ ಮನೆ, ಎಲ್ಲರೂ ಹಾಗೇ ಅಂದರು, ಸಣ್ಣತಿಮ್ಮಪ್ಪನೂ ಎಲ್ಲರನ್ನೂ ಕೇಳಿಯೇ ಕೊಟ್ಟಿದ್ದ. ಹಳ್ಳದ ನಡುವೆ ಕಾರಿನ ಹಿಂದಿನ ಒಂದು ಗಾಲಿ ಮರಳು ತೋಡತೊಡಗಿತು. ಇನ್ನೊಂದು ಸುಮ್ಮನೆ ನಿಂತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಕುಕ್ಕರಗಾಲು ಹಾಕಿತು. ಮದುಮಗಳು ನಡುಹಳ್ಳದಲ್ಲಿ ಇಳಿದಳು. ಟ್ರ್ಯಾಕ್ಟರ್ ಬಂದು ಎಳೆಯಿತು, ಮತ್ತೆ ಹತ್ತಿದಳು, ಹೋದಳು.

ಅವಳನ್ನು ಇಳಿ ಎಂದವರು ಯಾರು ಎಂಬುದರ ಮೇಲೆ ನಮ್ಮೂರಿನಲ್ಲಿ ಇಂದಿಗೂ ಜಗಳ. ಭಾರ ಕಡಿಮೆಯಾಗಲಿ ಅಂತ ಸಣ್ಣತಿಮ್ಮಪ್ಪನೇ ಇಳಿಸಿದ ಎನ್ನುತ್ತಾರೆ ಕೆಲವರು. ಪಕ್ಕದಲ್ಲಿ ಕೂತಿದ್ದ ನರಸಮ್ಮ ಇಳಿಸಿದಳು ಎಂದು ಕೆಲವರು. ನಾನು ಅಂದೆನಂತೆ, ಹಾಗೂ ಒಂದು ಸುದ್ದಿ ಇದೆ. ನಾನು ಅವತ್ತು ಆಚೆ ದಡದಲ್ಲಿದ್ದೆ, ನನ್ನ ಕೂಗು ಅಷ್ಟು ದೂರ ಕೇಳುವಂತಿದ್ದರೆ ಶಾಲೆಯಲ್ಲಿ ಮಕ್ಕಳು ಗಲಾಟೆ ಮಾಡುತ್ತಿರಲಿಲ್ಲ. ಯಾರು ಇಳಿಸಿದರೋ ಬಿಟ್ಟರೋ, ಮದುಮಗಳ ಕಾಲು ಮರಳಿಗೆ ತಾಗಿತು. ವರ್ಷ ತುಂಬುವ ಮೊದಲೇ ವನಿತಾ ಬ್ಯಾಗು ಹಿಡಿದು ತೌರಿಗೆ ಬಂದಳು. ಯಾಕಮ್ಮ ಎಂದರೆ ಏನಿಲ್ಲ ಎಂದಳು. ಹೊಡೆದರಾ, ಇಲ್ಲ. ಬೈದರಾ, ಇಲ್ಲ. ಊಟಕ್ಕೆ ಕಡಿಮೆಯಾ, ಇಲ್ಲ. ಮತ್ತೇನು? ಏನಿಲ್ಲ.

ಏನಿಲ್ಲ ಎಂಬ ಉತ್ತರದಿಂದ ಊರಿನ ಹೊಟ್ಟೆ ತುಂಬುತ್ತದೆಯೇ? ಸಣ್ಣತಿಮ್ಮಪ್ಪನ ಅಕ್ಕ ಓಬಮ್ಮ, ಶಕುನ ಶಾಸ್ತ್ರದಲ್ಲಿ ನಮ್ಮೂರಿಗೇ ಹಿರಿಯಳು, ಕಾರನ್ನು ತೋರಿಸಿ ತೀರ್ಪು ಕೊಟ್ಟಳು. ಹುಡುಗಿಯದೂ ತಪ್ಪಿಲ್ಲ, ಹುಡುಗನದೂ ತಪ್ಪಿಲ್ಲ, ಎಲ್ಲ ಈ ಗಾಡಿ ಮಾಡಿದ್ದು. ಎಲ್ಲರಿಗೂ ಹಾಯೆನಿಸಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇಲ್ಲಿ ಊರಿಗೆ ಊರೇ ಗಾಲಿ ಡೊಂಕು ಎಂದಿತು. ಸಣ್ಣತಿಮ್ಮಪ್ಪ ಒಬ್ಬನಿಗೆ ಮಾತ್ರ ಹಾಯೆನಿಸಲಿಲ್ಲ. ಕಾರು ಓಡಿಸಿದವನು ಅವನಲ್ಲವೆ? ಅವತ್ತಿನಿಂದ ಅವನು ಮದುವೆಗೆ ಕಾರು ಕೊಡುವುದನ್ನು ನಿಲ್ಲಿಸಿದ. ಮಗಳ ಮುಖ ನೋಡಿ ಮಾತಾಡುವುದೂ ಕಡಿಮೆಯಾಯಿತು.

ಹೀಗಿರುವಾಗ ಈ ವರ್ಷ ಶೇಂಗಾ ಕಿತ್ತ ಮೇಲೆ ರಾಯದುರ್ಗದಿಂದ ಚೌಡಕ್ಕ ಹೇಳಿ ಕಳಿಸಿದಳು. ಆದದ್ದಾಯಿತು, ಹುಡುಗಿಯನ್ನು ಕಳಿಸಿಕೊಡಿ. ಮನೆಯಲ್ಲಿ ಮಾತುಕತೆ ನಡೆಯಿತು. ವನಿತಾ ಒಳಗೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಅವಳು ಬೇಡ ಎನ್ನಲಿಲ್ಲ, ಅದನ್ನೇ ಒಪ್ಪಿಗೆ ಎಂದುಕೊಂಡರು. ಓಬಮ್ಮ ಮಾತ್ರ ಒಂದು ಷರತ್ತು ಹಾಕಿದಳು.

"ಕಳ್ಕಂಡಿರೋ ಜಾಗದಾಗೇ ಹುಡುಕ್ಬೇಕು ಕಣೋ ತಮ್ಮ. ಮತ್ತೆ ಮಡ್ಲಕ್ಕಿ ಕಟ್ಟಿ, ಅದೇ ಕಾರ್ನಾಗೆ, ಅದೇ ಹಳ್ಳದಾಗೆ ಕರ್ಕಂಡ್ ಹೋಗು. ಈ ಸಲ ಗಾಡಿ ನಿಲ್ಬಾರ್ದು. ನಿಂತ್ರೆ ಅವಳ ಬಾಳು ಅಲ್ಲಿಗೇ ಮುಗೀತು."

ಸಣ್ಣತಿಮ್ಮಪ್ಪ ಸೀದಾ ನನ್ನ ಜಗುಲಿಗೆ ಬಂದ. ಕಾರಿನ ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಅವನಿಗೆ ದಿಕ್ಕು ತೋಚದಿದ್ದರೆ ಹಾಗೆ ಮಾಡುತ್ತಾನೆ.

"ಮೇಷ್ಟ್ರೇ, ಒಂದು ಗಾಲಿ ತಿರುಗಿ ಇನ್ನೊಂದು ಯಾಕೆ ನಿಂತ್ಕಂತದೆ? ಅದಕ್ಕೇನಾದ್ರೂ ಮದ್ದು ಐತಾ?"

ನನಗೇನು ಗೊತ್ತು? ನಾನು ಹೇಳಿಕೊಟ್ಟದ್ದು ಸಂಧಿ ಸಮಾಸ. ಯಾರಾದರೂ ಒಳ್ಳೆಯ ಮೆಕ್ಯಾನಿಕ್ಕನ್ನು ಕೇಳು ಎಂದೆ. ಅವನು ಮಡಕಶಿರಾದಲ್ಲಿ ಕೇಳಿದ, ಪಾವಗಡದಲ್ಲಿ ಕೇಳಿದ. ಎಲ್ಲರೂ ರಾಯದುರ್ಗದ ಎರ್ರಪ್ಪನ ಹೆಸರು ಹೇಳಿದರು. ಗಣಿಗಳ ಕಾಲದಲ್ಲಿ ಜೀಪುಗಳ ಹಿಂಭಾಗ ಬಿಚ್ಚಿ ಬಿಚ್ಚಿ ಪಳಗಿದ ಕೈಯಂತೆ. ಬೀಗರ ಊರೂ ಅದೇ. ಒಂದು ಕಲ್ಲಿಗೆ ಎರಡು ಕಾಯಿ ಎಂದು ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡು ಹೊರಟ.

ರಾಯದುರ್ಗದ ಬೆಟ್ಟದ ಬುಡದಲ್ಲಿ, ಬಳ್ಳಾರಿ ರಸ್ತೆಗೆ ಎರ್ರಪ್ಪನ ಶೆಡ್ಡು. ವಯಸ್ಸಾದ ದಪ್ಪ ಮನುಷ್ಯ, ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವವನು. ಕಾರಿನ ಹಿಂಭಾಗವನ್ನು ಜಾಕಿ ಹಾಕಿ ಎತ್ತಿದ. ಎಡಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿದ. ಆಚೆ ಕಡೆಯ ಬಲಗಾಲಿ ಹಿಂದಕ್ಕೆ ತಿರುಗಿತು.

"ನೋಡಿದ್ರೇನ್ರಿ?" ಎಂದ.

ಸಣ್ಣತಿಮ್ಮಪ್ಪ ಬಾಯಿ ತೆರೆದು ನೋಡಿದ. "ಇಷ್ಟ್ ವರ್ಷ ಓಡ್ಸೀನಿ, ಇವೆರಡೂ ಎದುರುಬದುರು ಅಂತ ಗೊತ್ತೇ ಇರ್ಲಿಲ್ವಲ್ಲ ಮೇಷ್ಟ್ರೇ."

"ನಡುವ ಇರೋ ಈ ಬುರುಡಿಗೆ ಡಿಫ್ರೆನ್ಷಿಯಲ್ ಅಂತಾರ್ರಿ," ಎಂದು ಎರ್ರಪ್ಪ ಹಿಂದಿನ ಆಕ್ಸಲ್ಲಿನ ನಡುವಿನ ಕಬ್ಬಿಣದ ಬುರುಡೆಯನ್ನು ತಟ್ಟಿದ. "ತಿರುವ್ನ್ಯಾಗ ಹೊರಗಿನ ಗಾಲಿ ಜಾಸ್ತಿ ದೂರ ಹೋಗಬೇಕಲ್ರಿ, ಒಳಗಿಂದು ಕಮ್ಮಿ. ಅದಕ್ಕ ಎರಡಕ್ಕೂ ಬ್ಯಾರೆ ಬ್ಯಾರೆ ತಿರುಗಾಕ ಬಿಟ್ಟಾರ. ಆದ್ರ ಮರಳಾಗ ಒಂದ್ ಗಾಲಿ ಜಾರಿತು ಅನ್ರಿ, ಇಂಜಿನ್ ತಿರುಗ್ಸೋದೆಲ್ಲ ಆ ಜಾರೋ ಗಾಲಿಗೇ ಹೋಗ್ತೈತಿ. ಗಟ್ಟಿ ನೆಲದಾಗ ಇರೋದು ಸುಮ್ನ ನಿಂತಿರ್ತೈತಿ."

"ಇದ್ಯಾವ ನ್ಯಾಯ?" ಎಂದೆ ನಾನು.

"ಮನ್ಯಾಗೂ ಹಂಗ ಅಲ್ಲೇನ್ರಿ ಮಾಸ್ತರ? ಜಾರೋ ಮಗನ ಹಿಂದ ಎಲ್ಲಾರೂ ಓಡ್ತಾರ, ಗಟ್ಟಿ ನಿಂತಾವ್ನ ಯಾರು ಕೇಳ್ತಾರ?" ಎಂದು ಎರ್ರಪ್ಪ ನಕ್ಕ. ನಾನೂ ನಕ್ಕೆ. ಸಣ್ಣತಿಮ್ಮಪ್ಪ ನಗಲಿಲ್ಲ, ಮದ್ದೇನು ಎಂದು ಕೇಳಿದ.

ಮದ್ದಿನ ಹೆಸರು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಗಾಲಿಗೆ ಜಾರಲು ಬಿಟ್ಟರೂ ಒಂದು ಮಿತಿಯೊಳಗೆ ಬಿಡುವ ಸಾಮಾನು. ಮದ್ದು ಒಂದೇ ಆಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಎರ್ರಪ್ಪ ಮೂರು ದಾರಿ ಹೇಳಿದ, ಕೆಡಿಸಿದ.

ಮೊದಲನೆಯದು ಮದ್ದೇ ಅಲ್ಲ, ಬರೆ. ಒಳಗಿನ ಸಣ್ಣ ಗೇರುಗಳನ್ನೆಲ್ಲ ವೆಲ್ಡ್ ಮಾಡಿಬಿಡುವುದು. ಆಮೇಲೆ ಎರಡು ಗಾಲಿಯೂ ಯಾವತ್ತೂ ಜೊತೆಗೇ ತಿರುಗುತ್ತವೆ. ಆದರೆ ತಿರುವಿನಲ್ಲಿ ಟೈರು ಕಿರುಚುತ್ತವೆ, ಆಕ್ಸಲ್ ಮುರಿದರೂ ಮುರಿಯಬಹುದು. ಎರಡನೆಯದು ಪ್ಲೇಟಿನದು. ಮೋಟಾರ್ ಸೈಕಲ್ಲಿನ ಕ್ಲಚ್ ಪ್ಲೇಟಿನಂಥವು ಎರಡು ಕಡೆಯೂ ಇರುತ್ತವೆ, ಒಂದು ಗಾಲಿ ಜೋರಾಗಿ ತಿರುಗತೊಡಗಿದರೆ ಒತ್ತಿ ಹಿಡಿದು ಇನ್ನೊಂದನ್ನೂ ತಿರುಗಿಸುತ್ತವೆ. ಆದರೆ ಸವೆಯುತ್ತವೆ, ಬೇರೆಯ ಎಣ್ಣೆ ಬೇಡುತ್ತವೆ, ತಿರುವಿನಲ್ಲಿ ಕಟಕಟ ಎನ್ನುತ್ತವೆ. ಮೂರನೆಯದು ಬರೀ ಗೇರಿನದು. ಸದ್ದಿಲ್ಲ, ಸವೆತವಿಲ್ಲ, ಕೊಯಮತ್ತೂರಿನಲ್ಲಿ ಒಬ್ಬರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಆದರೆ ಒಂದು ಗಾಲಿ ಪೂರ್ತಿ ನೆಲ ಬಿಟ್ಟು ಎದ್ದರೆ ಅದು ಕೈಬಿಡುತ್ತದೆ.

"ಹಂಗಾದ್ರೆ ಯಾವ್ದು ಒಳ್ಳೇದಣ್ಣ?"

"ಗಾಡಿ ಎಲ್ಲಿ ಓಡ್ತೈತಿ ಅನ್ನೋದ್ರ ಮ್ಯಾಲೆ ಐತ್ರಿ ಯಜಮಾನ್ರ. ನಾ ಹ್ಯಾಂಗ ಹೇಳ್ಲಿ? ನಿಮ್ಮ ಹಳ್ಳ ನಾ ನೋಡೀನೇನು? ಯಾವ್ದು ಬೇಕು ಹೇಳ್ರಿ, ಮಾಡಿಕೊಡ್ತೀನಿ. ಪರ್ವಾಲೇದು, ಆಲೋಚಿಂಚಿ ಚೆಪ್ಪಂಡಿ."

ಯೋಚನೆ ಮಾಡಿ ಹೇಳಿ ಎಂದು ಸಣ್ಣತಿಮ್ಮಪ್ಪನಿಗೆ ಹೇಳುವುದೂ ಒಂದೇ, ಕೋಣಕ್ಕೆ ಹಾಡು ಎನ್ನುವುದೂ ಒಂದೇ. ಅಲ್ಲಿಂದ ಬೀಗರ ಮನೆಗೆ ಹೋದೆವು.

ಚೌಡಕ್ಕನ ಮನೆಯ ಮುಂದಿನ ಹಾಲಿನಲ್ಲಿ ಮಿಷನ್ನುಗಳ ಗಡಗಡ, ಮೊಣಕಾಲೆತ್ತರಕ್ಕೆ ಜೀನ್ಸ್ ಬಟ್ಟೆ. ಆಕೆಯ ಬೆರಳ ತುದಿಗಳೆಲ್ಲ ನೀಲಿ. ಬರ್ರಿ ಬೀಗ್ರ, ಕುಂದರ್ರಿ ಎಂದು ಚಾಪೆ ಹಾಸಿದಳು. ಮೂಲೆಯಲ್ಲಿ ಒಂದು ಮಿಷನ್ನಿಗೆ ಬಟ್ಟೆ ಮುಚ್ಚಿತ್ತು.

"ಅದು ವನಿತಾನ ಮಿಷನ್ರಿ. ಯಾರನ್ನೂ ಕುಂದರಿಸಿಲ್ಲ. ಬಂದು ಕೂತ್ರ ಸಾಕು," ಎಂದಳು.

ಅಳಿಯ ಶಿವರಾಮ ಟೀ ತಂದುಕೊಟ್ಟ. ಆರಾಮೇನ್ರಿ ಮಾವ ಎಂದ, ಮಾವ ಹೂಂ ಅಂದ, ಅಲ್ಲಿಗೆ ಅವರ ಮಾತು ಮುಗಿಯಿತು. ಕೆಟ್ಟ ಹುಡುಗನಲ್ಲ. ತಲೆ ತಗ್ಗಿಸಿಕೊಂಡು ಪ್ಯಾಂಟುಗಳ ದಾರ ಕತ್ತರಿಸುತ್ತ ಕೂತ. ಕೆಟ್ಟವರು ಯಾರೂ ಸಿಗದೆ ನನಗೆ ಅಲ್ಲೇ ತಲೆಕೆಟ್ಟಿತು. ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಹುಡುಗಿ ಯಾಕೆ ಬಂದಳೆಂದು ತಿಳಿಯುತ್ತಿತ್ತು.

ಅಷ್ಟರಲ್ಲಿ ಸಣ್ಣತಿಮ್ಮಪ್ಪ ಚೌಡಕ್ಕನನ್ನೇ ಕೇಳಿಬಿಟ್ಟ. ಪ್ಲೇಟಿನದಾ, ಗೇರಿನದಾ, ವೆಲ್ಡಾ? ನಾನು ಹಣೆ ಚಚ್ಚಿಕೊಂಡೆ. ಆಕೆ ಗಂಭೀರವಾಗಿ ಎಲ್ಲ ಕೇಳಿಸಿಕೊಂಡಳು.

"ವೆಲ್ಡ್ ಮಾಡಿಸಿಬಿಡ್ರಿ ಬೀಗ್ರ. ಒಂದನ್ನೊಂದು ಬಿಟ್ಟು ಹೋಗೋ ಮಾತ ಇರೋದಿಲ್ಲ. ಅದು ಬಿಟ್ಟು ಮಿತಿ ಗಿತಿ ಯಾಕ ಬೇಕು?"

ಕೊನೆಗೆ ಹೇಳಿದವಳು ಆಕೆ. ಆದ್ದರಿಂದ ಕಲ್ಯಾಣದುರ್ಗ ದಾಟುವಾಗ ಸಣ್ಣತಿಮ್ಮಪ್ಪ ವೆಲ್ಡ್ ಎಂದು ಗಟ್ಟಿಯಾಗಿ ಕೂತಿದ್ದ. ಪಾವಗಡದಲ್ಲಿ ಟೀ ಕುಡಿಯುವಾಗ ಆಕ್ಸಲ್ ಮುರಿದರೆ ಏನು ಗತಿ ಎಂದು ನಾನು ಕೇಳಿದೆ, ಗೇರಿನದಕ್ಕೆ ಬಂದ. ಮನೆಗೆ ಬಂದಾಗ ನರಸಮ್ಮ ಸವೆದರೆ ಹೊಸದು ಹಾಕಬಹುದಲ್ಲ ಎಂದಳು, ಪ್ಲೇಟಿಗೆ ಇಳಿದ. ಓಬಮ್ಮ ಸವೆಯುವ ಸಾಮಾನು ಮದುವೆ ಗಾಡಿಗೆ ಶುಭವಲ್ಲ ಎಂದಳು, ಮತ್ತೆ ಗೇರಿಗೆ ಹತ್ತಿದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಯಿತು.

ನಾನೂ ನನ್ನ ಮೊಬೈಲಿನಲ್ಲಿ ಹುಡುಕಿದೆ. ಯಾವುದೋ ದೇಶದವರು ಹಿಮದಲ್ಲಿ ಹಳೆಯ ಕಾರು ಓಡಿಸುತ್ತ ಪ್ಲೇಟೇ ಮೇಲು ಎಂದರು. ಇನ್ನೊಬ್ಬ ರೇಸಿನವನು ಗೇರೇ ಮೇಲು ಎಂದು ಪ್ಲೇಟಿನವನನ್ನು ಬೈದ. ಮರಳಿನ ಹಳ್ಳ, ಮಡಿಲಕ್ಕಿ, ಓಬಮ್ಮ, ಇವರು ಯಾರ ಲೆಕ್ಕದಲ್ಲೂ ಇರಲಿಲ್ಲ. ಜಗುಲಿಯ ಮೇಲೆ ಸೀಮೆಸುಣ್ಣದಿಂದ ಎರಡು ಗಾಲಿ ಬರೆದು, ನಡುವೆ ಗೆರೆ ಎಳೆದು, ಅವನಿಗೆ ತಿಳಿಸಿ ಹೇಳಲು ಹೋಗಿ ನನಗೆ ತಿಳಿದದ್ದನ್ನೂ ಮರೆತೆ. ಅವನು ನನ್ನ ಚಿತ್ರವನ್ನು ಸುತ್ತುಹಾಕಿ ನೋಡಿ, "ಇದ್ರಾಗೆ ಎಡಗಾಲಿ ಯಾವ್ದು ಮೇಷ್ಟ್ರೇ?" ಎಂದ. ನನಗೆ ಸಿಟ್ಟು ಬಂದು ಕಾಲಿನಿಂದ ಅಳಿಸಿಬಿಟ್ಟೆ.

ವನಿತಾ ಮಜ್ಜಿಗೆ ತಂದಿದ್ದಳು. ಅಪ್ಪ ಎದ್ದು ಹೋದ ಮೇಲೂ ಲೋಟಕ್ಕೆ ಕಾಯುತ್ತ ನಿಂತಳು.

"ಮೇಷ್ಟ್ರೇ, ಅದನ್ನ ಹಾಕ್ಸಿದ್ರೆ ಗಾಡಿ ಹಳ್ಳದಾಗೆ ನಿಲ್ಲೋದೇ ಇಲ್ವಾ?"

"ಇಲ್ಲಮ್ಮ, ಭಯ ಪಡಬೇಡ."

"ಯಾವ್ದು ಹಾಕ್ಸಿದ್ರೂ?"

"ಯಾವ್ದು ಹಾಕ್ಸಿದ್ರೂ ಕಣಮ್ಮ."

ಅವಳು ಲೋಟ ತೆಗೆದುಕೊಂಡು ಹೋದಳು. ಪಾಪ, ಹುಡುಗಿಗೆ ಧೈರ್ಯ ಬಂತು ಎಂದು ನಾನು ಸಮಾಧಾನ ಪಟ್ಟೆ.

ಕೊನೆಗೆ ಎರ್ರಪ್ಪನ ಮಾತೇ ನೆನಪಿಗೆ ಬಂತು, ಗಾಡಿ ಓಡುವ ಜಾಗ ನೋಡಬೇಕು. ನಾವಿಬ್ಬರೂ ಹಳ್ಳದ ಉದ್ದಗಲ ನಡೆದೆವು. ಆಚೆ ದಡ ಹತ್ತುವಲ್ಲಿ ಒಂದು ಹಾಸುಬಂಡೆ ಇದೆ. ಅದನ್ನು ಹತ್ತುವಾಗ ಕಾರಿನ ಹಿಂದಿನ ಎಡಗಾಲಿ ಒಂದು ಗೇಣು ಗಾಳಿಯಲ್ಲಿ ಏಳುತ್ತದೆ. ಗಾಲಿ ಎದ್ದರೆ ಗೇರಿನದು ಕೈಬಿಡುತ್ತದೆ ಎಂದಿದ್ದನಲ್ಲ? ಅದು ಹೋಯಿತು. ಬೆಟ್ಟದ ದಾರಿಯಲ್ಲಿ ತಿರುವುಗಳು ಬೇಕಾದಷ್ಟಿವೆ, ವೆಲ್ಡೂ ಹೋಯಿತು. ಉಳಿದದ್ದು ಪ್ಲೇಟಿನದು. ಇಷ್ಟಕ್ಕೆ ನಾವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಅವನು ಬಂಡೆಯ ಮೇಲೆ ಕೂತು, "ಹಂಗಾದ್ರೆ ಪ್ಲೇಟೇನಾ ಮೇಷ್ಟ್ರೇ? ಇನ್ನೊಬ್ರನ್ನ ಕೇಳನಾ?" ಎಂದ. ಇನ್ನೊಬ್ಬರನ್ನು ಕೇಳಿದರೆ ನಿನ್ನನ್ನು ಈ ಮರಳಲ್ಲೇ ಹೂಳುತ್ತೇನೆ ಎಂದೆ. ಹಾಗೆ ಕೊನೆಯ ಮಾತು ನನ್ನದಾಯಿತು.

ಎರ್ರಪ್ಪ ಯಾವುದೋ ಹಳೆಯ ಜೀಪಿನದ್ದನ್ನು ಹುಡುಕಿ, ಲೇತಿನಲ್ಲಿ ಅಳತೆಗೆ ಇಳಿಸಿ ಕೂರಿಸಿಕೊಟ್ಟ. ಊರಿಗೆ ಬಂದ ದಿನವೇ ಪರೀಕ್ಷೆ. ಸಣ್ಣತಿಮ್ಮಪ್ಪ ಬೇಕೆಂದೇ ಹಳ್ಳದ ನಡುವೆ ಕಾರು ನಿಲ್ಲಿಸಿದ. ನಿಂತ ಗಾಡಿಯನ್ನು ಮತ್ತೆ ಹೊರಡಿಸಿದ. ಎರಡು ಗಾಲಿಯೂ ಮರಳು ಚಿಮ್ಮಿದವು, ಕಾರು ಒಮ್ಮೆ ತಿಣುಕಿ ಮುಂದಕ್ಕೆ ನುಗ್ಗಿತು. ಬಂಡೆಯ ಮೇಲೆ ಗಾಲಿ ಎದ್ದಾಗಲೂ ಬಿಡಲಿಲ್ಲ. ದಡದ ಮೇಲಿದ್ದವರು ಸಿಳ್ಳೆ ಹಾಕಿದರು. ಅವನು ಇಳಿದು ಬಂದಾಗ ಕಣ್ಣು ತುಂಬಿತ್ತು. ಮಗಳು ತೌರಿಗೆ ಬಂದ ಮೇಲೆ ಅವನು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಹೊರಡುವ ದಿನ ಬಂತು. ಬೆಳಿಗ್ಗೆ ಕಾರು ತೊಳೆದು, ಗೇರ್ ಕಡ್ಡಿಗೆ ಅರಿಶಿನದ ಕೊಂಬು ಕಟ್ಟಿದ. ಹೆಂಗಸರು ವನಿತಾಳಿಗೆ ಮಡಿಲಕ್ಕಿ ತುಂಬಿದರು. ಹಿಂದಿನ ಸೀಟಿನಲ್ಲಿ ವನಿತಾ, ಪಕ್ಕದಲ್ಲಿ ನರಸಮ್ಮ. ಮುಂದೆ ನಾನು. ಓಬಮ್ಮನೂ ಊರಿನ ಹೆಂಗಸರೂ ಹಳ್ಳದ ಈಚೆ ದಡದಲ್ಲಿ ನಿಂತರು, ನಿಲ್ಲದೆ ದಾಟಿತು ಎಂದು ಕಣ್ಣಾರೆ ನೋಡಬೇಕಲ್ಲ.

ಕಾರು ಮರಳಿಗೆ ಇಳಿಯಿತು. ಒಂದು ಸಲವೂ ಜಾರಲಿಲ್ಲ, ತಿಣುಕಲಿಲ್ಲ. ಕಬ್ಬಿಣದ ಒಳಗೆಲ್ಲೋ ಕಟಕಟ ಎಂದಿತು, ಅಷ್ಟೇ. ಸಣ್ಣತಿಮ್ಮಪ್ಪ ಎದೆ ಮುಂದೆ ಮಾಡಿ ಕೂತಿದ್ದ. ಹೋದ ಸಲ ಹೂತುಕೊಂಡ ಜಾಗ ಹತ್ತಿರ ಬಂತು.

"ಅಪ್ಪ, ನಿಲ್ಸು."

"ಚೆನ್ನಾಗಿ ಹೋಗ್ತೈತೆ ಕಣವ್ವ. ನಿಲ್ಸೋದ್ಯಾಕೆ?"

"ಚೆನ್ನಾಗಿ ಹೋಗ್ತೈತೆ ಅಂತ್ಲೇ ಹೇಳ್ತಿರೋದು. ನಿಲ್ಸಪ್ಪ."

ಅವನು ನಿಲ್ಲಿಸಿದ. ಇಂಜಿನ್ ಗುಡುಗುತ್ತಲೇ ಇತ್ತು. ದಡದಲ್ಲಿ ಹೆಂಗಸರು ಬಾಯಿಗೆ ಸೆರಗು ಹಿಡಿದದ್ದು ನನಗೆ ಕಾಣುತ್ತಿತ್ತು. ನನಗೆ ಏನೊಂದೂ ಅರ್ಥವಾಗಲಿಲ್ಲ.

"ಅವತ್ತು ನನ್ನ ಇಳಿ ಅಂತ ಯಾರೂ ಅನ್ಲಿಲ್ಲ," ಎಂದಳು ವನಿತಾ. "ನಾನೇ ಇಳಿದೆ. ಗಾಡಿ ಹೂತ್ಕಂಡಾಗ ಸದ್ಯ ಅನ್ನಿಸ್ತು. ಹಿಂದಕ್ಕೆ ನಡ್ಕಂಡು ಮನೆಗೆ ಹೋಗನಾ ಅಂತ್ಲೇ ಇಳಿದಿದ್ದು. ಅಷ್ಟ್ರಾಗೆ ಟ್ರ್ಯಾಕ್ಟ್ರು ಬಂತು, ಎಲ್ರೂ ಹತ್ತು ಹತ್ತು ಅಂದ್ರು, ಹತ್ತಿದೆ."

ನರಸಮ್ಮ ಮಗಳ ಕೈ ಹಿಡಿದಳು. "ಅವ್ರೇನಾದ್ರೂ ಮಾಡಿದ್ರೇನೇ?"

"ಅವ್ರೇನೂ ಮಾಡ್ಲಿಲ್ಲಮ್ಮ. ಒಳ್ಳೇರೇ. ನನಗೆ ಅಲ್ಲಿ ಇರಕ್ಕೆ ಇಷ್ಟ ಇಲ್ಲ. ಅವತ್ತೂ ಇರ್ಲಿಲ್ಲ. ಇವತ್ತೂ ಇಲ್ಲ."

"ಮತ್ತೆ ಈಗ ಹೇಳ್ತೀಯಾ? ಮೊದ್ಲೇ ಹೇಳ್ಬಾರ್ದಾಗಿತ್ತಾ?" ಎಂದಳು ನರಸಮ್ಮ.

"ಕೇಳಿದ್ರೆ ತಾನೇ ಹೇಳೋದು? ಏನ್ ಮಾಡಿದ್ರು, ಏನ್ ಮಾಡಿದ್ರು ಅಂತ ಕೇಳಿದ್ರಿ. ನಿನಗೆ ಹೋಗಕ್ಕೆ ಇಷ್ಟ ಐತಾ ಅಂತ ಯಾರು ಕೇಳಿದ್ರಿ? ನಮ್ಮಪ್ಪ ರಾಯದುರ್ಗಕ್ಕೆ ಹೋಗಿ ಮೆಕ್ಯಾನಿಕ್ಕನ್ನ ಕೇಳ್ತು, ಅಲ್ಲಿರೋ ನಮ್ಮತ್ತೇನ ಕೇಳ್ತು, ಮೇಷ್ಟ್ರನ್ನ ಕೇಳ್ತು. ಈ ಸಲಾನೂ ಹೂತ್ಕಂತದೆ, ಇಳ್ಕಂಡು ವಾಪಸ್ ಹೋಗ್ಬೋದು ಅಂತಿದ್ದೆ. ಅದಕ್ಕೂ ಮದ್ದು ಮಾಡ್ಸಿಬಿಟ್ರಿ."

ಮಜ್ಜಿಗೆ ಲೋಟ ಹಿಡಿದು 'ಯಾವ್ದು ಹಾಕ್ಸಿದ್ರೂ?' ಎಂದು ಅವಳು ಕೇಳಿದ್ದು ನೆನಪಾಯಿತು.

ಸಣ್ಣತಿಮ್ಮಪ್ಪ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದ. ಬಾಯಿ ತೆರೆದ. ಈಗ ನನ್ನನ್ನೇ ಕೇಳುತ್ತಾನೆ ಎಂದುಕೊಂಡೆ. ಕಳಿಸಬೇಕೋ, ಬಿಡಬೇಕೋ, ಚೌಡಕ್ಕನಿಗೆ ಏನು ಹೇಳುವುದೋ, ನಾಳೆ ಊರಿಗೆ ಏನು ಹೇಳುವುದೋ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಬಾಯಿ ಮುಚ್ಚಿದ. ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ, ಅವಳು ಮರಳು ನೋಡುತ್ತ ಅಳುತ್ತಿದ್ದಳು. ದಡದ ಮೇಲಿನ ಅಕ್ಕನ ಕಡೆ ನೋಡಿದ. ಆಮೇಲೆ ಹಿಂದಕ್ಕೆ ತಿರುಗಿ, ಅವಳು ತೌರಿಗೆ ಬಂದ ಮೇಲೆ ಮೊದಲ ಸಲ ಮಗಳ ಮುಖವನ್ನು ಸರಿಯಾಗಿ ನೋಡಿದ.

ಯಾರನ್ನೂ ಏನೂ ಕೇಳಲಿಲ್ಲ. ಬಗ್ಗಿ ಗೇರ್ ಕಡ್ಡಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ಅರಿಶಿನದ ಕೊಂಬನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ರಿವರ್ಸ್ ಗೇರ್ ಹಾಕಿದ.

ಕಾರು ಹಿಂದಕ್ಕೆ ಹೊರಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಂದ ಗಾಲಿಯ ಗೆರೆಯ ಮೇಲೆಯೇ ಅವನು ನಿಧಾನವಾಗಿ ಓಡಿಸಿದ. ಇಳಿಜಾರನ್ನು ಹಿಂದುಮುಂದಾಗಿ ಹತ್ತುವಾಗ ಒಂದು ಕ್ಷಣ ತಿಣುಕಿತು, ಆಮೇಲೆ ಹಿಡಿಯಿತು. ಹೆಂಗಸರು ಚದುರಿದರು. ಓಬಮ್ಮ ತಲೆಯ ಮೇಲೆ ಕೈ ಹೊತ್ತು ಓಡಿ ಬಂದಳು.

"ಅಯ್ಯೋ ಪಾಪಿ! ಮತ್ತೆ ಹೂತ್ಕಂತೇನೋ?"

ಸಣ್ಣತಿಮ್ಮಪ್ಪ ಇಂಜಿನ್ ಆರಿಸಿದ. ಇಳಿದು ಬಂದು ಹಿಂದಿನ ಬಾಗಿಲು ತೆಗೆದ. ವನಿತಾ ಮಡಿಲಕ್ಕಿ ಹಿಡಿದು ನೆಲಕ್ಕೆ ಕಾಲಿಟ್ಟಳು.

"ಇಲ್ಲ ಕಣಕ್ಕ, ಎರಡೂ ಗಾಲಿ ಚೆನ್ನಾಗಿ ಹಿಡಿದ್ವು," ಎಂದ ಅವನು. "ರಾಯದುರ್ಗಕ್ಕೆ ಫೋನು ನಾನೇ ಮಾಡ್ತೀನಿ."